ಮನೆಮಂದಿಯೆಲ್ಲ ರೇಸಿಂಗ್ ಸಿಮ್ಯುಲೇಟರ್‌ಗೆ ಹೊರಟಾಗ: ಯಾವ ಜಾಗ, ಯಾವ ರಿಗ್, ಯಾರಿಗೆ?

ರಜೆಯ ದಿನ ಮಕ್ಕಳನ್ನು ಕಟ್ಟಿಕೊಂಡು, ಕೂತಲ್ಲೇ ಪರದೆಯ ಮೇಲೆ ರೇಸ್ ಕಾರು ಓಡಿಸುವ ರೇಸಿಂಗ್ ಸಿಮ್ಯುಲೇಟರ್‌ಗೆ ಹೋಗಬೇಕೆಂದು ಹೊರಟವರು ಸಾಮಾನ್ಯವಾಗಿ ಫೋಟೊದಲ್ಲಿ ಪರದೆ ಎಷ್ಟು ದೊಡ್ಡದಿದೆ, ಸೀಟು ಅಲುಗುತ್ತದೆಯೇ ಎಂದು ನೋಡಿ ಜಾಗ ಆರಿಸುತ್ತಾರೆ. ಮೊದಲು ನೋಡಬೇಕಾದದ್ದು ಬ್ರೇಕ್ ಪೆಡಲ್. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವರ ಕಾಲು ಅದಕ್ಕೆ ಎಟುಕಬೇಕು, ಎಟುಕಿದ ಕಾಲಿಗೆ ಅದನ್ನು ಒತ್ತುವಷ್ಟು ಬಲ ಸಾಕಾಗಬೇಕು. ಆಮೇಲೆ ನೋಡಬೇಕಾದದ್ದು, ಬಂದವರೆಲ್ಲ ಒಂದೇ ಹೊತ್ತಿಗೆ ಒಂದೇ ರೇಸಿನಲ್ಲಿ ಓಡಿಸುವಷ್ಟು ಯಂತ್ರಗಳು ಅಲ್ಲಿವೆಯೇ ಎಂದು. ಇವೆರಡು ಸರಿಯಿದ್ದರೆ ಸಾಧಾರಣ ಸಲಕರಣೆಯಲ್ಲೂ ದಿನ ಸೊಗಸಾಗಿ ಕಳೆಯುತ್ತದೆ. ಇವೆರಡು ಇಲ್ಲದಿದ್ದರೆ ಎಷ್ಟು ದುಬಾರಿ ಯಂತ್ರವಿದ್ದರೂ ಅಪ್ಪ ಓಡಿಸುತ್ತಾನೆ, ಉಳಿದವರು ಬೆನ್ನ ಹಿಂದೆ ನಿಂತು ನೋಡುತ್ತಾರೆ.

ಸೀಟು, ಸ್ಟೀರಿಂಗ್, ಪೆಡಲ್, ಪರದೆ, ಕಂಪ್ಯೂಟರ್ ಎಲ್ಲ ಸೇರಿದ ಒಂದು ಘಟಕಕ್ಕೆ ರಿಗ್ ಎನ್ನುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ನಿಮ್ಮ ಮುಂದಿರುವ ಆಯ್ಕೆಗಳು ಹೆಚ್ಚುಕಡಿಮೆ ನಾಲ್ಕು: ಮಾಲ್‌ನ ಗೇಮ್ ಝೋನ್, ಅಲುಗದ ರಿಗ್‌ಗಳ ಸಿಮ್ ರೇಸಿಂಗ್ ಸೆಂಟರ್, ಅಲುಗುವ ಅಥವಾ ವಿಆರ್ (ಕಣ್ಣಿಗೆ ಕಟ್ಟಿಕೊಳ್ಳುವ ಪರದೆಯ ಕನ್ನಡಕ) ರಿಗ್‌ಗಳಿರುವ ಜಾಗ, ಮತ್ತು ಸಿಮ್ಯುಲೇಟರ್ ಬಿಟ್ಟು ನೇರವಾಗಿ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಗಳ ಟ್ರ್ಯಾಕ್.

ಮಾಲ್‌ನ ಗೇಮ್ ಝೋನ್

ಕಾರ್ಡ್ ಉಜ್ಜಿದರೆ ಎರಡು ಮೂರು ನಿಮಿಷ ಓಡುವ ಯಂತ್ರಗಳಿವು. ಇವನ್ನು ಸಿಮ್ಯುಲೇಟರ್ ಎಂದು ಕರೆದರೂ ಕಾರಿನ ನಡವಳಿಕೆಯ ನಿಜವಾದ ಲೆಕ್ಕ ಒಳಗೆ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿಟ್ಟು ಸ್ಟೀರಿಂಗ್ ತಿರುಗಿಸಿದರೂ ತಿರುವು ದಾಟುತ್ತದೆ. ಹಿಂದೆ ಬಿದ್ದ ಕಾರಿಗೆ ಯಂತ್ರವೇ ತುಸು ಹೆಚ್ಚು ವೇಗ ಕೊಟ್ಟು ಮುಂದಿನವರ ಹತ್ತಿರ ತರುತ್ತದೆ. ಆರೇಳು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸೀಟು ಬೆಂಚಿನಂತೆ ಅಗಲ, ಪೆಡಲ್ ಹಗುರ, ಸೋತರೂ ಗೆದ್ದರೂ ಅಂತರ ಕಡಿಮೆ. ಕಾಲು ಎಟುಕದಿದ್ದರೆ ಅಮ್ಮನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದರೂ ನಡೆಯುತ್ತದೆ.

ಆದರೆ ಹನ್ನೆರಡು ದಾಟಿದ, ಟಿವಿಯಲ್ಲಿ ಫಾರ್ಮುಲಾ 1 ನೋಡುವ ಹುಡುಗಿಗೋ ಹುಡುಗನಿಗೋ ಇದು ಹತ್ತು ನಿಮಿಷಕ್ಕೆ ಸಪ್ಪೆಯಾಗುತ್ತದೆ. ಕಾರ್ಡಿನ ದುಡ್ಡು ಮಾತ್ರ ಕರಗುತ್ತಲೇ ಇರುತ್ತದೆ. ಎರಡು ವಯಸ್ಸಿನ ಮಕ್ಕಳಿರುವ ಮನೆಯವರು ಗೇಮ್ ಝೋನ್ ಮತ್ತು ಸಿಮ್ ಸೆಂಟರ್ ಎರಡೂ ನಡೆದು ಹೋಗುವಷ್ಟು ಹತ್ತಿರವಿರುವ ಕಡೆ ಹೋಗುವುದು ಲೇಸು.

ಅಲುಗದ ರಿಗ್: ನಮ್ಮ ಮೊದಲ ಶಿಫಾರಸು

ಹೆಚ್ಚಿನ ಕುಟುಂಬಗಳಿಗೆ ಸರಿಹೊಂದುವುದು ಇದೇ. ಗಟ್ಟಿ ಚೌಕಟ್ಟು, ರೇಸಿಂಗ್ ಸೀಟು, ಮುಂದೆ ಮೂರು ಪರದೆ ಅಥವಾ ಒಂದು ಅಗಲವಾದ ಬಾಗಿದ ಪರದೆ. ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಂಡರೂ ಒಳಗಿನ ವ್ಯತ್ಯಾಸ ದೊಡ್ಡದು.

ಸ್ಟೀರಿಂಗ್‌ನಿಂದ ಶುರುಮಾಡೋಣ. ಟೈರಿಗೆ ಬೀಳುವ ಒತ್ತಡವನ್ನು ಮೋಟಾರಿನ ಮೂಲಕ ನಿಮ್ಮ ಕೈಗೆ ತಲುಪಿಸುವ ವ್ಯವಸ್ಥೆಗೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಲಾಜಿಟೆಕ್ ಜಿ29, ಜಿ923 ಎಂಬ ಸ್ಟೀರಿಂಗ್‌ಗಳಲ್ಲಿ ಮೋಟಾರು ಹಲ್ಲುಚಕ್ರಗಳ ಮೂಲಕ ಸ್ಟೀರಿಂಗ್ ತಿರುಗಿಸುತ್ತದೆ. ಬಲ ಸುಮಾರು 2 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಥ್ರಸ್ಟ್‌ಮಾಸ್ಟರ್ ಟಿ300ರಲ್ಲಿ ಬೆಲ್ಟ್ ಇದೆ, ಬಲ ಹೆಚ್ಚುಕಡಿಮೆ ಅದರ ಎರಡರಷ್ಟು. ಡೈರೆಕ್ಟ್ ಡ್ರೈವ್ ಎನ್ನುವುದರಲ್ಲಿ ಸ್ಟೀರಿಂಗ್ ನೇರವಾಗಿ ಮೋಟಾರಿನ ದಂಡಕ್ಕೇ ಕೂತಿರುತ್ತದೆ. ಫನಾಟೆಕ್ ಸಿಎಸ್‌ಎಲ್ ಡಿಡಿ 5 ನ್ಯೂಟನ್ ಮೀಟರ್ ಕೊಡುತ್ತದೆ, ದೊಡ್ಡ ಪವರ್ ಸಪ್ಲೈ ಹಾಕಿದರೆ 8. ಮೋಝಾ ಆರ್9 ಹೆಸರೇ ಹೇಳುವಂತೆ 9. ಸಿಮ್ಯುಕ್ಯೂಬ್ 2 ಪ್ರೊ 25ರವರೆಗೆ ಹೋಗುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. 5ರಿಂದ 9ರ ನಡುವಿನದು ಹಿರಿಯರಿಗೆ ಧಾರಾಳ ಸಾಕು, ಮಕ್ಕಳಿಗೆ ಅದನ್ನೂ ಅರ್ಧಕ್ಕಿಳಿಸಬೇಕು. ಬಲ ಇಳಿಸುವುದು ಗೇಮ್‌ನ ಒಳಗೇ ಒಂದು ನಿಮಿಷದ ಕೆಲಸ. ಸಿಬ್ಬಂದಿ ‘ಎಲ್ಲರಿಗೂ ಒಂದೇ ಸೆಟ್ಟಿಂಗ್’ ಎಂದರೆ ಆ ಜಾಗ ಮಕ್ಕಳಿಗಲ್ಲ. ಕಾರಣ ಸ್ಪಷ್ಟ: ಕಾರು ಗೋಡೆಗೆ ಬಡಿದ ಕ್ಷಣ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಒಮ್ಮೆಲೇ ಗಿರಕ್ಕನೆ ತಿರುಗುತ್ತದೆ, ಒಳಗೆ ಸಿಕ್ಕಿಸಿಕೊಂಡ ಹೆಬ್ಬೆರಳು ಉಳುಕುತ್ತದೆ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಕೈಯಿಟ್ಟು ಹೆಬ್ಬೆರಳನ್ನು ಸ್ಟೀರಿಂಗ್‌ನ ಅಂಚಿನ ಮೇಲೆ ಇಡಿಸಿ, ಕಡ್ಡಿಗಳ ಒಳಗೆ ಸುತ್ತಿಸಬೇಡಿ. ಡಿಕ್ಕಿ ತಪ್ಪದು ಎಂದಾಗ ಕೈ ಬಿಟ್ಟುಬಿಡಬೇಕೆಂದು ಮೊದಲೇ ಹೇಳಿಕೊಡಿ.

ಈಗ ಪೆಡಲ್. ಇಲ್ಲಿಯೇ ಜಾಗಗಳ ನಿಜವಾದ ಮಟ್ಟ ಗೊತ್ತಾಗುವುದು. ಅಗ್ಗದ ಪೆಡಲ್‌ಗಳಲ್ಲಿ ಪೊಟೆನ್ಶಿಯೊಮೀಟರ್ ಇರುತ್ತದೆ. ಮೋಟಾರ್ ಕೂರಿಸಿದ ಹೊಲಿಗೆ ಮೆಷಿನ್ನಿನ ಪೆಡಲ್‌ನಂತೆ, ಕಾಲು ಎಷ್ಟು ದೂರ ಇಳಿಯಿತು ಎನ್ನುವುದಷ್ಟೇ ಅದಕ್ಕೆ ಲೆಕ್ಕ. ಲೋಡ್ ಸೆಲ್ ಇರುವ ಬ್ರೇಕ್ ಅಳೆಯುವುದು ದೂರವನ್ನಲ್ಲ, ಒತ್ತಿದ ಬಲವನ್ನು. ನಿಜವಾದ ರೇಸ್ ಕಾರಿನ ಬ್ರೇಕ್ ಕೂಡ ಹಾಗೆಯೇ, ಅಷ್ಟಾಗಿ ಇಳಿಯದೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ನಮ್ಮ ಕಾಲಿನ ಸ್ನಾಯು ದೂರಕ್ಕಿಂತ ಬಲವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುವುದರಿಂದ ಲೋಡ್ ಸೆಲ್‌ನಲ್ಲಿ ಒಬ್ಬ ಹೊಸಬ ಐದಾರು ಲ್ಯಾಪ್‌ಗಳಲ್ಲೇ (ಟ್ರ್ಯಾಕಿನ ಸುತ್ತುಗಳಲ್ಲೇ) ಒಂದೇ ರೀತಿ ಬ್ರೇಕ್ ಹಾಕಲು ಕಲಿಯುತ್ತಾನೆ.

ತೊಂದರೆ ಬರುವುದು ಮಕ್ಕಳು ಕೂತಾಗ. ಲೋಡ್ ಸೆಲ್ ಅನ್ನು 60-70 ಕಿಲೊ ಒತ್ತಿದರೆ ಪೂರ್ತಿ ಬ್ರೇಕ್ ಎಂದು ಹೊಂದಿಸಿಟ್ಟಿದ್ದರೆ ಹತ್ತು ವರ್ಷದ ಮಗು ಎಷ್ಟು ತುಳಿದರೂ ಅರ್ಧ ಬ್ರೇಕ್ ಬೀಳುವುದಿಲ್ಲ. ಪ್ರತಿ ತಿರುವಿನಲ್ಲೂ ಕಾರು ನೆಟ್ಟಗೆ ಟ್ರ್ಯಾಕಿನ ಪಕ್ಕದ ಮರಳಿಗೆ ಹೋಗುತ್ತದೆ, ಮಗು ತನಗೆ ಓಡಿಸಲು ಬರುವುದಿಲ್ಲ ಎಂದುಕೊಳ್ಳುತ್ತದೆ. ಅದನ್ನು 20-25 ಕಿಲೊಗೆ ಇಳಿಸಿದರೆ ಅದೇ ಮಗು ಟ್ರ್ಯಾಕಿನಲ್ಲಿ ಉಳಿಯುತ್ತದೆ. ಜಿ29ರ ಜೊತೆ ಬರುವ ಪೆಡಲಿನಲ್ಲಿ ಲೋಡ್ ಸೆಲ್ ಇಲ್ಲದಿದ್ದರೂ ಇದೇ ಕಥೆ: ಬ್ರೇಕ್ ಪೆಡಲಿನ ಒಳಗೆ ಒಂದು ರಬ್ಬರ್ ತುಂಡು ಇದ್ದು ಅರ್ಧ ದಾಟಿದ ಮೇಲೆ ತೀರ ಬಿಗಿಯಾಗುತ್ತದೆ. ಮಕ್ಕಳಿಗೆ ಗೇಮ್‌ನಲ್ಲಿ ಪೆಡಲ್ ಹೊಂದಿಸುವ ಕ್ಯಾಲಿಬ್ರೇಶನ್‌ನಲ್ಲಿ ಅವರು ಒತ್ತಬಲ್ಲ ಮಟ್ಟವನ್ನೇ ನೂರಕ್ಕೆ ನೂರು ಎಂದು ಗುರುತಿಸಿಕೊಡಬೇಕು. ಇದನ್ನು ಕೇಳಿದ ತಕ್ಷಣ ಮಾಡಿಕೊಡುವ ಹುಡುಗನೋ ಹುಡುಗಿಯೋ ಕೌಂಟರಿನಲ್ಲಿದ್ದರೆ ಆ ಜಾಗಕ್ಕೆ ಮತ್ತೆ ಹೋಗಿ.

ಹಳೆಯದಾದ ಪೆಡಲಿನ ಕಾಯಿಲೆಗಳನ್ನು ಗುರುತಿಸುವುದೂ ಸುಲಭ. ಪರದೆಯ ಮೂಲೆಯಲ್ಲಿ ಆಕ್ಸಿಲರೇಟರ್‌ಗೆ ಹಸಿರು, ಬ್ರೇಕ್‌ಗೆ ಕೆಂಪು ಪಟ್ಟಿ ಕಾಣುವಂತೆ ಮಾಡಿಸಿ. ಕಾಲು ತೆಗೆದಾಗಲೂ ಕೆಂಪು ಪಟ್ಟಿ ತುಸು ಮೇಲೆದ್ದಿದ್ದರೆ ಬ್ರೇಕ್ ಸದಾ ಸವರುತ್ತಿದೆ ಎಂದರ್ಥ. ಕಾರು ನೇರ ದಾರಿಯಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತದೆ. ಕಾಲು ಕದಲಿಸದಿದ್ದರೂ ಹಸಿರು ಪಟ್ಟಿ ಪಟಪಟ ಕುಣಿದರೆ ಪೊಟೆನ್ಶಿಯೊಮೀಟರಿನಲ್ಲಿ ಧೂಳು ಕೂತಿದೆ, ಇಲ್ಲವೇ ಸವೆದಿದೆ. ಮೊದಲನೆಯದನ್ನು ಕ್ಯಾಲಿಬ್ರೇಶನ್‌ನಲ್ಲಿ ಸರಿಮಾಡಬಹುದು. ಎರಡನೆಯದಾದರೆ ಬೇರೆ ರಿಗ್ ಕೇಳಿ.

ಪರದೆಯ ವಿಷಯಕ್ಕೆ ಬಂದರೆ, ಮೂರು ಪರದೆಯಲ್ಲಿ ಪಕ್ಕದ ಕಾರು ಕಾಣುತ್ತದೆ, ತಿರುವಿನ ಒಳ ಅಂಚು ಮೊದಲೇ ಕಣ್ಣಿಗೆ ಬೀಳುತ್ತದೆ. ಒಂದೇ ಸಣ್ಣ ಪರದೆಯಲ್ಲಿ ಪಕ್ಕದವರು ಕಾಣದೆ ಅಣ್ಣ ತಂಗಿ ಗುದ್ದಿಕೊಂಡು ‘ನೀನೇ ಬಂದದ್ದು’ ಎಂದು ಜಗಳವಾಡುವುದು ಖಂಡಿತ. ಅಗಲ ಪರದೆ ಇವೆರಡರ ನಡುವಿನದು, ಸಾಕು.

ಅಲುಗುವ ರಿಗ್, ವಿಆರ್

ಅಲುಗುವುದರಲ್ಲೂ ಬಗೆಗಳಿವೆ. ಬರೀ ಸೀಟನ್ನು ಎರಡು ಮೋಟಾರುಗಳಿಂದ ಓಲಾಡಿಸುವುದು ಒಂದು. ಸ್ಟೀರಿಂಗ್ ಪೆಡಲ್ ಎಲ್ಲ ಸ್ಥಿರವಾಗಿದ್ದು ನೀವು ಮಾತ್ರ ಅಲುಗುತ್ತೀರಿ. ಇಡೀ ಚೌಕಟ್ಟಿನ ನಾಲ್ಕು ಮೂಲೆಗೆ ಎತ್ತಿ ಇಳಿಸುವ ಮೋಟಾರು ಕೂರಿಸಿದ್ದು ಇನ್ನೊಂದು. ಡಿ-ಬಾಕ್ಸ್ ಎಂಬ ಹೆಸರು ಕೇಳಿದರೆ ಅದು ಈ ಬಗೆ. ಆರು ಕಾಲುಗಳ ಮೇಲೆ ನಿಂತು ಎಲ್ಲ ದಿಕ್ಕಿಗೂ ವಾಲುವುದು ಮೂರನೆಯದು. ರಸ್ತೆಯ ಉಬ್ಬು, ಟ್ರ್ಯಾಕಿನ ಅಂಚಿನ ಗಡಗಡವನ್ನು ಎರಡನೆಯ ಬಗೆ ಬಹಳ ಚೆನ್ನಾಗಿ ತಿಳಿಸುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ಒತ್ತಿದಂತೆ ಅನಿಸುವುದು ರಿಗ್ ಮುಂದಕ್ಕೆ ವಾಲುವುದರಿಂದ. ತಿರುವಿನಲ್ಲಿ ನಿಜವಾದ ರೇಸ್ ಕಾರು ಮೈಯನ್ನು ಪಕ್ಕಕ್ಕೆ ಸೆಳೆದು ಹಿಡಿಯುವ ಆ ಬಲವನ್ನು ಮಾತ್ರ ಇಂಥ ಯಾವ ರಿಗ್ಗೂ ಹೊತ್ತುಗಟ್ಟಲೆ ಕೊಡಲಾರದು.

ಮೊದಲ ಸಲ ಹೋಗುವ ಕುಟುಂಬಕ್ಕೆ ಈ ಹೆಚ್ಚಿನ ದುಡ್ಡು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹೊಸಬರು ಗಳಿಗೆಗೊಮ್ಮೆ ಗಿರಕಿ ಹೊಡೆಯುತ್ತಾರೆ, ಗೋಡೆಗೆ ಗುದ್ದುತ್ತಾರೆ. ಪ್ರತಿ ಸಲವೂ ರಿಗ್ ಮೈ ಕುಲುಕಿಸಿ ಕಲಿಯುವುದನ್ನು ಕಷ್ಟ ಮಾಡುತ್ತದೆ. ಸೀಟಿನ ಕೆಳಗೆ ಕಂಪನ ಕೊಡುವ ಬಾಸ್ ಶೇಕರ್ ಇರುವ ಅಲುಗದ ರಿಗ್ ಸಿಕ್ಕರೆ ಅದೇ ಸಾಕು. ಅಂಚು ಹತ್ತಿದ ಕಂಪನ, ಗೇರ್ ಬಿದ್ದ ಏಟು ಬೆನ್ನಿಗೆ ತಾಗುತ್ತದೆ, ಹೊಟ್ಟೆ ತೊಳಸುವುದಿಲ್ಲ.

ಹೊಟ್ಟೆ ತೊಳಸುವ ಮಾತು ಬಂತು. ಕಣ್ಣು ‘ಓಡುತ್ತಿದ್ದೇವೆ’ ಎನ್ನುತ್ತದೆ, ಒಳಕಿವಿ ‘ಕೂತಿದ್ದೇವೆ’ ಎನ್ನುತ್ತದೆ. ಈ ಎರಡು ತಾಳೆಯಾಗದಿದ್ದಾಗ ವಾಕರಿಕೆ ಬರುತ್ತದೆ. ಘಾಟಿಯಲ್ಲಿ ಬಸ್ಸು ಹತ್ತಿದರೆ ವಾಂತಿ ಮಾಡುವವರು ವಿಆರ್ ಕನ್ನಡಕದಿಂದ ದೂರವಿರುವುದೇ ಒಳ್ಳೆಯದು. ವಿಆರ್‌ನಲ್ಲಿ ಇದು ಜಾಸ್ತಿ, ಮೂರು ಪರದೆಯಲ್ಲಿ ಕಡಿಮೆ, ದೂರದ ಒಂದು ಪರದೆಯಲ್ಲಿ ಇನ್ನೂ ಕಡಿಮೆ. ಅಲುಗುವ ರಿಗ್ ಮೇಲೆ ವಿಆರ್ ಹಾಕಿದರೆ ಇನ್ನೊಂದು ತೊಡಕು: ರಿಗ್ ವಾಲಿದ್ದನ್ನು ಕನ್ನಡಕ ‘ತಲೆ ವಾಲಿತು’ ಎಂದು ತಿಳಿದು ಚಿತ್ರವನ್ನೂ ಸರಿಸುತ್ತದೆ. ಇದನ್ನು ಸರಿದೂಗಿಸುವ ತಂತ್ರಾಂಶಕ್ಕೆ ಮೋಷನ್ ಕಾಂಪನ್ಸೇಶನ್ ಎನ್ನುತ್ತಾರೆ. ಅದು ಇದೆಯೇ ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಅಲ್ಲಿ ವಿಆರ್ ಬೇಡ.

ವಯಸ್ಸನ್ನೂ ಗಮನಿಸಿ. ಪ್ಲೇಸ್ಟೇಷನ್ ವಿಆರ್2 ಕನ್ನಡಕ ಹನ್ನೆರಡಕ್ಕಿಂತ ಕಿರಿಯರಿಗಲ್ಲ ಎಂದು ತಯಾರಕರೇ ಹೇಳುತ್ತಾರೆ. ಮೆಟಾ ಕ್ವೆಸ್ಟ್ ಕನ್ನಡಕಕ್ಕೆ ಆ ಮಿತಿ ಹತ್ತು ವರ್ಷ, ಅದೂ ತಂದೆತಾಯಿಯ ನಿಗಾ ಇರಬೇಕು. ಗರ್ಭಿಣಿಯರು, ಬೆನ್ನು ಕುತ್ತಿಗೆ ನೋವಿರುವವರು, ಹೃದಯದ ತೊಂದರೆ ಇರುವವರು ಅಲುಗುವ ರಿಗ್ ಹತ್ತಬಾರದು. ಮಿನುಗುವ ಬೆಳಕಿಗೆ ಮೂರ್ಛೆ ಬರುವ ಸಮಸ್ಯೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅವರಿಗೆ ಯಾವ ಬಗೆಯ ರಿಗ್ಗೂ ಬೇಡ. ದುಪಟ್ಟಾ, ಸೀರೆಯ ಸೆರಗು, ಉದ್ದ ಜಡೆ ಅಲುಗುವ ಮೋಟಾರಿನ ಹತ್ತಿರ ಸಿಕ್ಕಿಹಾಕಿಕೊಳ್ಳಬಹುದು. ಬಿಗಿಯಾಗಿ ಕಟ್ಟಿಕೊಂಡೇ ಹತ್ತಿ, ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ವಾಕರಿಕೆಯ ಮೊದಲ ಸೂಚನೆ ಬಾಯಲ್ಲಿ ನೀರೂರುವುದು, ಹಣೆಯಲ್ಲಿ ತಣ್ಣನೆ ಬೆವರು. ಆಗಲೇ ನಿಲ್ಲಿಸಬೇಕು. ‘ಇನ್ನೊಂದೇ ಲ್ಯಾಪ್’ ಎಂದು ಮುಂದುವರಿಸಿದರೆ ಸಂಜೆಯವರೆಗೂ ತಲೆ ಸುತ್ತುತ್ತದೆ. ಊಟವಾದ ಕೂಡಲೇ ಕೂರಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಎರಡು ಇಡ್ಲಿ ತಿಂದು ಒಂದು ಗಂಟೆಯಾದ ಹೊತ್ತು ಸರಿಯಾದದ್ದು.

ಗೋ-ಕಾರ್ಟ್ ಇದಕ್ಕಿಂತ ಮೇಲೇ?

ಮೈಗೆ ತಾಗುವ ವೇಗ ಬೇಕಿದ್ದರೆ ಹೌದು. ಬಾಡಿಗೆ ಕಾರ್ಟ್‌ಗಳಿಗೆ ಗೇರಿಲ್ಲ, ಎರಡೇ ಪೆಡಲ್: ಎಡಗಾಲಿಗೆ ಬ್ರೇಕ್, ಬಲಗಾಲಿಗೆ ಆಕ್ಸಿಲರೇಟರ್. ನೆಲಕ್ಕೆ ತೀರ ಹತ್ತಿರ ಕೂತಿರುವುದರಿಂದ ಗಂಟೆಗೆ 50 ಕಿ.ಮೀ. ವೇಗವೇ ನೂರರಂತೆ ಅನಿಸುತ್ತದೆ. ಆದರೆ ಮಳೆ ಬಂದರೆ ನಿಲ್ಲುತ್ತದೆ, ಎತ್ತರದ ಮಿತಿ ಕಟ್ಟುನಿಟ್ಟು, ಪಕ್ಕೆಲುಬಿಗೆ ಸೀಟಿನ ಅಂಚು ಒತ್ತಿ ಮರುದಿನ ನೋಯುವುದು ಸಾಮಾನ್ಯ. ತಪ್ಪು ಮಾಡಿದರೆ ಮೈಗೆ ಪೆಟ್ಟು. ಸಣ್ಣ ಮಗುವಿದ್ದರೆ ಜೋಡಿ ಸೀಟಿನ ಕಾರ್ಟ್ ಇದೆಯೇ ಎಂದು ವಿಚಾರಿಸಿ. ಮೇ ತಿಂಗಳ ಸಂಜೆಯೂ ಮಳೆಗಾಲದ ಭಾನುವಾರವೂ ಬೆಂಗಳೂರಿನಲ್ಲಿ ನಂಬುವಂಥವಲ್ಲ, ಆ ದಿನಗಳಿಗೆ ಸಿಮ್ಯುಲೇಟರೇ ಸರಿ.

ಯಾರು ಎಲ್ಲಿ ಕೂರಬೇಕು

ವಯಸ್ಸಿಗಿಂತ ಎತ್ತರ ಮುಖ್ಯ. ಬೆನ್ನು ಸೀಟಿಗೆ ಪೂರ್ತಿ ತಾಗಿದ್ದು, ಬ್ರೇಕ್ ತುಳಿದಾಗಲೂ ಮಂಡಿ ತುಸು ಮಡಿಸಿಕೊಂಡೇ ಇರಬೇಕು, ಇದೊಂದೇ ಅಳತೆ. ಹಳಿಯ ಮೇಲೆ ಸೀಟು ಮುಂದೆ ಜಾರಿಸಿದರೂ ಎಟುಕದಿದ್ದರೆ ಬೆನ್ನಿಗೆ ದಪ್ಪ ಗಟ್ಟಿ ದಿಂಬು ಇಡಬೇಕು. ಮೆತ್ತನೆಯ ದಿಂಬು ಬ್ರೇಕ್ ತುಳಿದಾಗ ಕುಗ್ಗಿ ಕಾಲಿನ ಬಲವನ್ನೆಲ್ಲ ತಿಂದುಬಿಡುತ್ತದೆ. ಪೆಡಲ್ ತಟ್ಟೆಯನ್ನೇ ಹತ್ತಿರ ತರಬಹುದಾದ ರಿಗ್ ಇದ್ದರೆ ಇನ್ನೂ ಒಳ್ಳೆಯದು.

ಕೂರುವ ಭಂಗಿ ಎರಡು ಬಗೆ. ಮಾಮೂಲಿ ಕಾರಿನಂತೆ ಕಾಲು ಕೆಳಗಿರುವುದು ಜಿಟಿ ಭಂಗಿ. ಕಾಲು ಸೊಂಟದ ಮಟ್ಟಕ್ಕೆ ಎತ್ತಿ ಅರ್ಧ ಮಲಗಿದಂತಿರುವುದು ಫಾರ್ಮುಲಾ ಭಂಗಿ. ಮಂಡಿನೋವಿರುವ ಅಜ್ಜಿಯನ್ನೋ ಅತ್ತೆಯನ್ನೋ ಎರಡನೆಯದರಲ್ಲಿ ಕೂರಿಸಿದರೆ ಎಬ್ಬಿಸಲು ಇಬ್ಬರು ಬೇಕು. ಫೈಬರ್‌ನ ಬಕೆಟ್ ಸೀಟು ಸೊಂಟದ ಹತ್ತಿರ ಕಿರಿದು, ಎಲ್ಲರ ಮೈಗೂ ಹಿಡಿಸುವುದಿಲ್ಲ. ಬೆನ್ನು ಹಿಂದಕ್ಕೆ ಬಾಗುವ ಕಾರ್ ಸೀಟಿನಂಥದು ಒಂದಾದರೂ ಇದೆಯೇ ಎಂದು ಕೇಳಿಡಿ. ಅಜ್ಜಿ ಓಡಿಸುವುದಿಲ್ಲ ಎಂದು ನೀವೇ ತೀರ್ಮಾನಿಸಬೇಡಿ; ಆಟೊಮ್ಯಾಟಿಕ್ ಗೇರಿನಲ್ಲಿ ಒಂದು ಪುಟ್ಟ ಕಾರು ಕೊಟ್ಟರೆ ಅವರೂ ನಿಧಾನಕ್ಕೆ ಒಂದು ಸುತ್ತು ಮುಗಿಸುತ್ತಾರೆ.

ಇಬ್ಬರಿಗೆ ಒಂದೇ ರಿಗ್ ಎನ್ನುವಂತಾದರೆ ಎತ್ತರ ಹೊಂದುವವರನ್ನು ಜೋಡಿ ಮಾಡಿ. ಅಪ್ಪನ ನಂತರ ಎಂಟು ವರ್ಷದ ಮಗಳು ಕೂತರೆ ಸೀಟು, ಬಲ, ಬ್ರೇಕ್ ಎಲ್ಲ ಮತ್ತೆ ಹೊಂದಿಸಬೇಕು, ಪ್ರತಿ ಬದಲಾವಣೆಗೂ ಮೂರು ನಾಲ್ಕು ನಿಮಿಷ. ಅಪ್ಪನ ನಂತರ ಉದ್ದ ಬೆಳೆದ ಮಗ ಕೂತರೆ ಅರ್ಧ ನಿಮಿಷ.

ಚಪ್ಪಲಿ ಬೇಡ, ಹಿಮ್ಮಡಿ ಜಾರುತ್ತದೆ. ದಪ್ಪ ಅಡಿಯ ಶೂ ಆದರೆ ಪೆಡಲಿನ ಸ್ಪರ್ಶ ಸಿಗುವುದಿಲ್ಲ. ತೆಳು ಅಡಿಯ ಕ್ಯಾನ್ವಾಸ್ ಶೂ, ಇಲ್ಲವೇ ಬರೀ ಸಾಕ್ಸ್.

ಕಾರು ಮತ್ತು ಟ್ರ್ಯಾಕ್: ಜಾಗಕ್ಕಿಂತ ಹೆಚ್ಚು ದಿನ ಕೆಡಿಸುವುದು ಇದೇ

ಎಲ್ಲರೂ ಕೇಳುವುದು ಫಾರ್ಮುಲಾ 1 ಕಾರು ಮತ್ತು ಊರಿನ ಬೀದಿಗಳಲ್ಲೇ ಹಾಯುವ ಮೊನಾಕೊ ಟ್ರ್ಯಾಕ್. ಹೊಸಬರಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. 3.337 ಕಿ.ಮೀ. ಉದ್ದಕ್ಕೂ ಎರಡೂ ಕಡೆ ಗೋಡೆ, ತಪ್ಪಿದರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆ ಕಾರೋ, ವೇಗದಲ್ಲಿದ್ದಾಗ ಮಾತ್ರ ಗಾಳಿಯ ಒತ್ತಡದಿಂದ ನೆಲಕ್ಕೆ ಅಂಟುತ್ತದೆ. ಹೆದರಿ ನಿಧಾನವಾಗಿ ಹೋದರೆ ಹಿಡಿತ ಕಡಿಮೆಯಾಗಿ ಹಿಂಬದಿ ಜಾರುತ್ತದೆ. ಹೊಸಬರು ಮಾಡುವುದೂ ಅದನ್ನೇ.

ಮಜ್ದಾ ಎಂಎಕ್ಸ್-5 ಅಥವಾ ಅಬಾರ್ತ್ 500ರಂಥ ಕಡಿಮೆ ಶಕ್ತಿಯ ಕಾರಿನಿಂದ ಶುರುಮಾಡಿ. ಟ್ರ್ಯಾಕಿಗೆ ಆಸ್ಟ್ರಿಯಾದ ರೆಡ್ ಬುಲ್ ರಿಂಗ್ ನಮ್ಮ ಆಯ್ಕೆ: 4.3 ಕಿ.ಮೀ. ಚಿಲ್ಲರೆ, ತಿರುವು ಕಡಿಮೆ, ಮುಂದಿನದು ದೂರದಿಂದಲೇ ಕಾಣುತ್ತದೆ, ಹೊರಗೆ ಹೋದರೂ ವಾಪಸ್ ಬರಲು ಅಗಲವಾದ ಜಾಗವಿದೆ. ಜರ್ಮನಿಯ ನರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫ 20.8 ಕಿ.ಮೀ. ಉದ್ದ. ಹೊಸಬರಿಗೆ ಒಂದು ಸುತ್ತಿಗೇ ಹತ್ತು ಹನ್ನೆರಡು ನಿಮಿಷ ಬೇಕು, ಯಾವ ತಿರುವೂ ಎರಡನೆಯ ಸಲ ಬರುವುದೇ ಇಲ್ಲ, ಹಾಗಾಗಿ ಕಲಿಯಲಾಗುವುದಿಲ್ಲ. 15 ನಿಮಿಷದಲ್ಲಿ ರೆಡ್ ಬುಲ್ ರಿಂಗ್‌ನಲ್ಲಿ ಆರು ಲ್ಯಾಪ್ ಆಗುತ್ತವೆ, ಆರನೆಯದು ಮೊದಲನೆಯದಕ್ಕಿಂತ ಕಣ್ಣಿಗೆ ಕಾಣುವಷ್ಟು ಚೆನ್ನಾಗಿರುತ್ತದೆ. ಮಕ್ಕಳಿಗೆ ಖುಷಿ ಹುಟ್ಟುವುದು ಅಲ್ಲಿ.

ನಮ್ಮ ದೇಶದ ಟ್ರ್ಯಾಕ್ ಬೇಕೆನ್ನುವವರು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ಕೇಳಬಹುದು. 2011ರಿಂದ 2013ರವರೆಗೆ ಅಲ್ಲಿ ನಡೆದ ಮೂರೂ ಫಾರ್ಮುಲಾ 1 ರೇಸುಗಳನ್ನು ಗೆದ್ದವನು ಸೆಬಾಸ್ಟಿಯನ್ ವೆಟ್ಟೆಲ್. 5.125 ಕಿ.ಮೀ. ಉದ್ದ, ಅಗಲವಾದ ದಾರಿ, ಹೊಸಬರಿಗೂ ಆಗಬಹುದು. ಅಸೆಟ್ಟೊ ಕೊರ್ಸಾ ಎಂಬ ರೇಸಿಂಗ್ ಗೇಮ್ ಬಳಸುವ ಸೆಂಟರ್‌ಗಳಲ್ಲಿ ಅಭಿಮಾನಿಗಳು ತಯಾರಿಸಿದ ಆವೃತ್ತಿ ಹಾಕಿರುವ ಸಾಧ್ಯತೆ ಇದೆ.

ಮೊದಲ ಹತ್ತು ನಿಮಿಷಕ್ಕೆ ಈ ಸೆಟ್ಟಿಂಗ್ ಕೇಳಿ: ಆಟೊಮ್ಯಾಟಿಕ್ ಗೇರ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು) ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವುದು) ಆನ್, ದಾರಿ ತೋರಿಸುವ ಬಣ್ಣದ ಗೆರೆ ಆನ್, ಡ್ಯಾಮೇಜ್ ಸೊನ್ನೆ, ಟೈರ್ ಮೊದಲೇ ಬಿಸಿಯಾಗಿರಬೇಕು. ಕೊನೆಯದನ್ನು ಹಲವು ಕಡೆ ಮರೆಯುತ್ತಾರೆ. ತಣ್ಣಗಿನ ಟೈರಿಗೆ ಹಿಡಿತ ಕಡಿಮೆ, ಮೊದಲ ಸುತ್ತಿನಲ್ಲೇ ಎಲ್ಲರೂ ಗಿರಕಿ ಹೊಡೆಯುತ್ತಾರೆ.

ಒಟ್ಟಿಗೆ ರೇಸ್ ಇಡುವಾಗ ಡಿಕ್ಕಿಯ ವಿಷಯ ತೀರ್ಮಾನಿಸಿ. ಗ್ರಾನ್ ಟುರಿಸ್ಮೊ 7, ಎಫ್1 ಸರಣಿಯ ಗೇಮ್‌ಗಳಲ್ಲಿ ಕಾರುಗಳು ಒಂದಕ್ಕೊಂದು ತಾಗದೆ ಹಾದುಹೋಗುವಂತೆ ಮಾಡಬಹುದು. ಪುಟ್ಟ ಮಕ್ಕಳಿದ್ದರೆ ಹಾಗೇ ಇಡಿ. ಅಪ್ಪ ಬಹಳ ಮುಂದೆ ಹೋಗುತ್ತಿದ್ದರೆ ಅಸೆಟ್ಟೊ ಕೊರ್ಸಾದ ಸರ್ವರಿನಲ್ಲಿ ಅವರ ಕಾರಿಗೆ ಮಾತ್ರ ಹೆಚ್ಚುವರಿ ತೂಕ ಹೇರಬಹುದು, ಇಂಜಿನ್ನಿನ ಶಕ್ತಿ ತಗ್ಗಿಸಬಹುದು. 50 ಕಿಲೊದಿಂದ ಶುರುಮಾಡಿ ನೋಡಿ. ಅಂತರ ಐದು ಸೆಕೆಂಡಿನೊಳಗೆ ಬಂದಾಗ ಮನೆಯವರೆಲ್ಲ ಕೂಗಾಡುವ ರೇಸ್ ಸಿಗುತ್ತದೆ. ವಿದೇಶದಲ್ಲಿರುವ ನಮ್ಮವರಿಗೆ ಈ ಕೆಲಸ ಸುಲಭ: 2022ರಲ್ಲಿ ಲಂಡನ್ನಿನಲ್ಲಿ ಶುರುವಾದ ಎಫ್1 ಆರ್ಕೇಡ್‌ನಂಥ ಕಡೆ ಪ್ರತಿ ಸವಾರನೂ ತನ್ನ ರಿಗ್‌ನಲ್ಲೇ ತನ್ನ ಮಟ್ಟ ಆರಿಸಿಕೊಳ್ಳುವ ವ್ಯವಸ್ಥೆ ಇದೆ.

ಬ್ರೇಕ್ ಹಾಕುವುದು: ಒಂದು ತಿರುವು

ಇಷ್ಟು ಹೇಳಿದ ಮೇಲೆ ಬ್ರೇಕ್ ಹೇಗೆ ಹಾಕಬೇಕೆಂಬುದನ್ನು ಒಂದು ತಿರುವಿನಲ್ಲಿ ತೋರಿಸದಿದ್ದರೆ ಆಗದು. ಇಟಲಿಯ ಮೊಂಝಾದ ಮೊದಲ ತಿರುವನ್ನೇ ತೆಗೆದುಕೊಳ್ಳಿ. ಜಿಟಿ3 ಎಂಬ ವರ್ಗದ ರೇಸ್ ಕಾರು ಉದ್ದದ ನೇರ ದಾರಿಯ ಕೊನೆಗೆ ಗಂಟೆಗೆ 260 ಕಿ.ಮೀ. ಮೀರಿ ಬರುತ್ತದೆ, ಎದುರಿಗೆ ಬಲಕ್ಕೆ ತಿರುಗಿ ಕೂಡಲೇ ಎಡಕ್ಕೆ ತಿರುಗುವ ಇಕ್ಕಟ್ಟು. ಪಕ್ಕದಲ್ಲಿ ದೂರ ತಿಳಿಸುವ 200, 150, 100ರ ಫಲಕಗಳು. ಹೊಸಬರು 200ರ ಫಲಕ ಕಂಡೊಡನೆ ಸ್ಟೀರಿಂಗ್ ನೆಟ್ಟಗಿಟ್ಟು ಬ್ರೇಕನ್ನು ಪೂರ್ತಿ ಒತ್ತಬೇಕು. ಮೆಲ್ಲಗೆ ಶುರುಮಾಡಿ ಆಮೇಲೆ ಜೋರು ಮಾಡುವುದಲ್ಲ. ಮೊದಲೇ ಜೋರು, ಆಮೇಲೆ ಸಡಿಲ. ವೇಗ ಇಳಿದಂತೆ ಕಾಲನ್ನು ನಿಧಾನಕ್ಕೆ ಎತ್ತುತ್ತ ಬಂದು, ಬ್ರೇಕ್ ತೀರ ಕಡಿಮೆಯಾದ ಹೊತ್ತಿಗೆ ಸ್ಟೀರಿಂಗ್ ತಿರುಗಿಸಬೇಕು. ಪೂರ್ತಿ ಬ್ರೇಕ್ ಹಿಡಿದೇ ತಿರುಗಿಸಿದರೆ ಮುಂದಿನ ಟೈರುಗಳಿಗೆ ತಿರುಗಲು ಹಿಡಿತ ಉಳಿದಿರುವುದಿಲ್ಲ, ಕಾರು ನೆಟ್ಟಗೇ ಹೋಗುತ್ತದೆ. ಕಾಲನ್ನು ಒಮ್ಮೆಲೇ ಕಿತ್ತರೆ ಮುಂದಿದ್ದ ಭಾರ ಹಿಂದಕ್ಕೆ ಹೋಗಿ ಆಗಲೂ ಮುಂಭಾಗ ತಿರುಗುವುದಿಲ್ಲ. ಒಳ ಅಂಚು ದಾಟಿ ಸ್ಟೀರಿಂಗ್ ನೆಟ್ಟಗಾಗುತ್ತಿರುವಾಗಷ್ಟೇ ಆಕ್ಸಿಲರೇಟರ್. ಕಣ್ಣು ಬಾನೆಟ್ಟಿನ ಮೇಲಿರಬಾರದು, ಹೋಗಬೇಕಾದ ಕಡೆ ಇರಬೇಕು.

ರೇಸಿನ ಮೊದಲ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಬಂದು ರಾಶಿ ಬೀಳುವ ಜಾಗವೂ ಇದೇ. ಅದಕ್ಕೇ ಮೊಂಝಾವನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ

ಬೋರ್ಡಿನ ಮೇಲಿನ ದರ ಹೋಲಿಸಬೇಡಿ, ಸ್ಟೀರಿಂಗ್ ಹಿಡಿದು ಓಡಿಸಿದ ನಿಮಿಷದ ದರ ಹೋಲಿಸಿ. ಒಂದು ಕಡೆ 30 ನಿಮಿಷಕ್ಕೆ ₹600 ಎಂದಿಟ್ಟುಕೊಳ್ಳೋಣ. ಕೂತೊಡನೆ ಗಡಿಯಾರ ಶುರುವಾಗಿ, ಸೀಟು ಹೊಂದಿಸಲು, ವಿವರಣೆಗೆ, ಗೇಮ್ ಲೋಡ್ ಆಗಲು 8 ನಿಮಿಷ ಹೋದರೆ ಉಳಿದದ್ದು 22. ನಿಮಿಷಕ್ಕೆ ₹27 ಚಿಲ್ಲರೆ. ಇನ್ನೊಂದು ಕಡೆ 20 ನಿಮಿಷಕ್ಕೆ ₹450, ಆದರೆ ಕಾರು ಟ್ರ್ಯಾಕಿಗಿಳಿದ ಮೇಲೆ ಗಡಿಯಾರ, ನಿಮಿಷಕ್ಕೆ ₹22.50. ಎರಡನೆಯದೇ ಅಗ್ಗ, ಮಕ್ಕಳಿಗೆ ಹೊಂದುವುದೂ ಅದೇ. ಮೊದಲ ಸಲ 20ರಿಂದ 25 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಮಕ್ಕಳ ತೋಳು ಸೋಲುತ್ತದೆ. ಉಳಿದ ದುಡ್ಡಿಗೆ ಅರ್ಧ ಗಂಟೆ ಬಿಟ್ಟು ಎರಡನೆಯ ಸರದಿ ತೆಗೆದುಕೊಳ್ಳಿ. ಈ ವಿರಾಮದ ನಂತರ ಮಕ್ಕಳು ಮೊದಲಿಗಿಂತ ಚೆನ್ನಾಗಿ ಓಡಿಸುತ್ತಾರೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಇಷ್ಟು ಕೇಳಿ:

- ಒಂದೇ ರೇಸಿನಲ್ಲಿ ಎಷ್ಟು ಜನ ಒಟ್ಟಿಗೆ ಓಡಿಸಬಹುದು, ಆ ರಿಗ್‌ಗಳೆಲ್ಲ ಒಂದೇ ಬಗೆಯವೇ?
- ನಿಮ್ಮ ಮಗುವಿನ ಎತ್ತರ ಇಷ್ಟು ಸೆಂ.ಮೀ. ಎಂದು ಹೇಳಿ, ಆ ಎತ್ತರದ ಮಕ್ಕಳು ಓಡಿಸಿದ್ದಾರೆಯೇ?
- ಬ್ರೇಕ್ ಬಲ, ಸ್ಟೀರಿಂಗ್ ಬಲ ಒಬ್ಬೊಬ್ಬರಿಗೂ ಬದಲಿಸಿಕೊಡುತ್ತೀರಾ?
- ಗಡಿಯಾರ ಯಾವಾಗ ಶುರು? ದರದಲ್ಲಿ ಜಿಎಸ್‌ಟಿ ಸೇರಿದೆಯೇ?
- ಯಂತ್ರ ಮಧ್ಯೆ ಕೈಕೊಟ್ಟರೆ, ಕರೆಂಟ್ ಹೋದರೆ ಸಮಯ ವಾಪಸ್ ಕೊಡುತ್ತೀರಾ?

ವಾರಾಂತ್ಯದ ಮಧ್ಯಾಹ್ನಕ್ಕಿಂತ ಬಾಗಿಲು ತೆರೆದೊಡನೆ ಸಿಗುವ ಮೊದಲ ಸ್ಲಾಟ್ ಮೇಲು. ಸಿಬ್ಬಂದಿಗೆ ಪುರುಸೊತ್ತಿರುತ್ತದೆ, ಮೋಟಾರುಗಳೂ ಬಿಸಿಯಾಗಿರುವುದಿಲ್ಲ. ತುಂಬ ಹೊತ್ತು ಓಡಿದ ಸಣ್ಣ ಸ್ಟೀರಿಂಗ್‌ಗಳಲ್ಲಿ ಬಲ ತಾನಾಗಿಯೇ ಇಳಿಯುವುದುಂಟು. ರಿಗ್ ಆನ್ ಮಾಡಿದಾಗ ಜಿ29ರಂಥ ಸ್ಟೀರಿಂಗ್ ತಾನೇ ಆ ಕಡೆ ಈ ಕಡೆ ಪೂರ್ತಿ ತಿರುಗಿ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆಗ ಮಕ್ಕಳು ಅದನ್ನು ಹಿಡಿಯದಂತೆ ನೋಡಿಕೊಳ್ಳಿ. ಹಿಡಿದರೆ ಮಧ್ಯದ ಗುರುತು ತಪ್ಪಿ ಕಾರು ಇಡೀ ಸರದಿ ಒಂದು ಕಡೆಗೇ ಎಳೆಯುತ್ತದೆ.

ಎರಡು ಮೂರು ಭೇಟಿಯ ನಂತರವೂ ಮಗು ಅದನ್ನೇ ಕೇಳುತ್ತಿದ್ದರೆ ಆಯ್ಕೆ ಬದಲಾಗಬೇಕು. ಆಗ ಒಟ್ಟಿಗೆ ಓಡಿಸುವ ಸ್ಲಾಟ್‌ಗಿಂತ ಲೋಡ್ ಸೆಲ್ ಇರುವ ಒಂದೇ ರಿಗ್‌ನಲ್ಲಿ ಒಂದು ಗಂಟೆ, ಒಂದೇ ಕಾರು, ಒಂದೇ ಟ್ರ್ಯಾಕ್ ಕೊಡಿಸಿ. ದಾರಿ ತೋರಿಸುವ ಗೆರೆಯನ್ನು ಮೊದಲು ತೆಗೆಸಿ, ಆಮೇಲೆ ಟ್ರ್ಯಾಕ್ಷನ್ ಕಂಟ್ರೋಲ್, ಎಬಿಎಸ್ ಕೊನೆಗೆ. ಬ್ರೇಕನ್ನು ಎಡಗಾಲಿನಲ್ಲೇ ಹಾಕಿಸಿ, ಏಕೆಂದರೆ ಮುಂದೆ ಕಾರ್ಟ್‌ಗೆ ಹೋದರೆ ಅದೇ ಬೇಕು. ಬೆಂಗಳೂರಿನ ರೇಸ್ ಚಾಲಕರಾದ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಹತ್ತಿದ ಮೊದಲ ಮೆಟ್ಟಿಲೂ ಕಾರ್ಟಿಂಗೇ. ದೇಶದಲ್ಲಿ ಮೋಟಾರು ಕ್ರೀಡೆ ನಡೆಸುವ ಸಂಸ್ಥೆ ಎಫ್‌ಎಂಎಸ್‌ಸಿಐ. ಸ್ಪರ್ಧೆಗೆ ಇಳಿಯಲು ಅದರ ಲೈಸೆನ್ಸ್ ಬೇಕು. ಬಾಡಿಗೆ ಕಾರ್ಟ್ ಟ್ರ್ಯಾಕಿನಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಾರೆಯೇ, ಯಾವ ವಯಸ್ಸಿನಿಂದ ಸೇರಿಸಿಕೊಳ್ಳುತ್ತಾರೆ ಎಂದು ಅಲ್ಲೇ ವಿಚಾರಿಸಬಹುದು.